ಎಷ್ಟರವರೆಗೆ ಕೂಗಲಿ ಎಂದು ಕೇಳಿದವಳಿಗೆ

ಪುಟ್ಟೀ,

ನೀನು ಕಳಿಸಿದ ಬ್ಯಾಂಕಿನ ಇ-ಹರಾಜು ಪ್ರಕಟಣೆ ಓದಿದೆ. ಎರಡು ಬೆಡ್‌ರೂಮಿನ ಫ್ಲ್ಯಾಟು, ಮೀಸಲು ಬೆಲೆ 58 ಲಕ್ಷ, ಇಎಂಡಿ ಅಂದರೆ ಮುಂಗಡ ಠೇವಣಿ 5.8 ಲಕ್ಷ, ಒಂದೊಂದು ಸವಾಲಿಗೆ ಏರಿಕೆ 25 ಸಾವಿರ. "ಅದೇ ಅಪಾರ್ಟ್‌ಮೆಂಟಿನಲ್ಲಿ ಇಂಥದ್ದು 80ಕ್ಕೆ ಹೋಗ್ತಿದೆ ದೊಡ್ಡಪ್ಪ, ಎಷ್ಟರವರೆಗೆ ಕೂಗಲಿ?" ಅಂತ ಕೇಳಿದ್ದೀಯ. ಫೋನಿನಲ್ಲೇ ಒಂದು ಅಂಕಿ ಹೇಳಿಬಿಡಬಹುದಿತ್ತು. ಹಾಗೆ ಹೇಳಿದ ಅಂಕಿ ಹರಾಜಿನ ಬಿಸಿಯಲ್ಲಿ ನಿಲ್ಲುವುದಿಲ್ಲ ಮಗಳೇ. ನೀನೇ ಲೆಕ್ಕ ಹಾಕಿ ತೆಗೆದ ಅಂಕಿಯಾದರೆ ಮಾತ್ರ ನಿಲ್ಲುತ್ತದೆ. ಬ್ಯಾಂಕಿನ ವಸೂಲಾತಿ ವಿಭಾಗದಲ್ಲಿ ಮೇಜಿನ ಆ ಕಡೆ ಕೂತು ಇಂಥ ಹರಾಜುಗಳನ್ನು ನಡೆಸಿದವನು ನಾನು. ಗೆದ್ದವರು ಅದೇ ವಾರ ಬಂದು ಗೋಳಾಡಿದ್ದನ್ನೂ ಕಂಡಿದ್ದೇನೆ.

ಮೊದಲು ಆ 80 ಲಕ್ಷ ಎಲ್ಲಿಂದ ಬಂತು ನೋಡು. ಜಾಹೀರಾತಿನಲ್ಲಿ ಕೇಳುವ ಬೆಲೆ ಬೇರೆ, ನಿಜವಾಗಿ ಕೈ ಬದಲಾದ ಬೆಲೆ ಬೇರೆ. ಅಸೋಸಿಯೇಷನ್ನಿನ ಕಾರ್ಯದರ್ಶಿಯನ್ನು ಕಂಡು ಇತ್ತೀಚೆಗೆ ಮಾರಾಟವಾದ ಫ್ಲ್ಯಾಟು ಎಷ್ಟಕ್ಕೆ ಹೋಯಿತು ಅಂತ ವಿಚಾರಿಸು. 80 ನಿಜವೇ ಅಂತಿಟ್ಟುಕೊಂಡು ಅಲ್ಲಿಂದ ಕಳೆಯುತ್ತಾ ಬಾ.

ಪ್ರಕಟಣೆಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ, ಆಸ್ತಿ ಎಲ್ಲಿದೆಯೋ ಹೇಗಿದೆಯೋ ಹಾಗೆಯೇ ಮಾರಲಾಗುವುದು ಅಂತಿದೆಯಲ್ಲ, ಇಡೀ ಕಾಗದದಲ್ಲಿ ಅತ್ಯಂತ ತೂಕದ ಸಾಲು ಅದು. ಹಿಂದಿನವರ ಬಾಕಿಗಳು ನಿನ್ನ ತಲೆಗೆ ಬರಬಹುದು ಅಂತ ಅದರರ್ಥ. ಹಳೆಯ ಮಾಲೀಕರು ಉಳಿಸಿಹೋದ ವಿದ್ಯುತ್ ಬಾಕಿಯನ್ನು ಹರಾಜಿನಲ್ಲಿ ಕೊಂಡವರಿಂದ ವಸೂಲು ಮಾಡಲು ನಿಯಮಗಳಲ್ಲಿ ಅವಕಾಶವಿದ್ದರೆ ತಪ್ಪಿಲ್ಲ ಎಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಆದ್ದರಿಂದ ಅಸೋಸಿಯೇಷನ್, ಕರೆಂಟು, ನೀರು, ಕಂದಾಯ ಎಲ್ಲದರ ಬಾಕಿಯನ್ನೂ ಬರವಣಿಗೆಯಲ್ಲಿ ತರಿಸಿಕೋ. ನಿರ್ವಹಣಾ ಬಾಕಿ 1.8 ಲಕ್ಷ, ಕಂದಾಯ 40 ಸಾವಿರ ಬಂತು ಅಂತಿಟ್ಟುಕೊ. ವರ್ಷಗಟ್ಟಲೆ ಆರೈಕೆ ಕಾಣದ ಮನೆಯ ರಿಪೇರಿಗೆ 4 ಲಕ್ಷ ಬೇಕೇ ಬೇಕು. ವಕೀಲರಿಗೆ 50 ಸಾವಿರ.

ಆಮೇಲೆ ಸ್ವಾಧೀನದ ಪ್ರಶ್ನೆ. ಪ್ರಕಟಣೆಯಲ್ಲಿ ಸಾಂಕೇತಿಕ ಸ್ವಾಧೀನ ಅಂತಿದೆಯೋ ಭೌತಿಕ ಸ್ವಾಧೀನ ಅಂತಿದೆಯೋ ನೋಡು. ಭೌತಿಕ ಅಂದರೆ ಬೀಗದ ಕೈ ಬ್ಯಾಂಕಿನ ಬಳಿ ಇದೆ. ಸಾಂಕೇತಿಕ ಅಂದರೆ ಬಾಗಿಲಿಗೆ ನೋಟಿಸು ಅಂಟಿಸಿದ್ದಾರೆ ಅಷ್ಟೇ. ಒಳಗೆ ಜನ ವಾಸವಾಗಿರಬಹುದು. ಸಾಲ ತೀರಿಸದವರ ಆಸ್ತಿಯನ್ನು ಬ್ಯಾಂಕು ವಶಕ್ಕೆ ಪಡೆದು ಮಾರಲು ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯ 14ನೇ ಕಲಮಿನಡಿ ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶ ತಂದು ಮನೆ ಬಿಡಿಸಬೇಕು. ಕಾಗದದ ಮೇಲೆ ಅದಕ್ಕೆ ಗಡುವಿದೆ, ನಡೆಯುವುದು ಮಾತ್ರ ನಿಧಾನ. ನಿನ್ನ ಪ್ರಕಟಣೆಯಲ್ಲಿರುವುದು ಸಾಂಕೇತಿಕ. ಹಾಗಾಗಿ ಒಂದು ವರ್ಷ ನೀವು ಈಗಿನ ಬಾಡಿಗೆ ಮನೆಯಲ್ಲೇ ಇರಬೇಕಾದೀತು ಅಂತ ತಿಂಗಳಿಗೆ 25 ಸಾವಿರದಂತೆ 3 ಲಕ್ಷ ಕಳೆ. ಇಷ್ಟೆಲ್ಲ ಸೇರಿ 9.7 ಲಕ್ಷ, 80ರಲ್ಲಿ 70.3 ಉಳಿಯಿತು. ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ಇಲ್ಲಿ ಕಳೆಯಬೇಡ, ಎಲ್ಲಿ ಕೊಂಡರೂ ಅದು ಇದ್ದದ್ದೇ. ಕೈಯಲ್ಲಿ ಮಾತ್ರ ತಯಾರಿರಲಿ.

ಇನ್ನು ಅಪಾಯಕ್ಕೊಂದು ಬೆಲೆ ಕಟ್ಟಬೇಕು. ಹರಾಜಿನ ಪ್ರಕಟಣೆ ಹೊರಬಿದ್ದ ಮೇಲೆ ಸಾಲಗಾರರು ಹಣ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಮುಗಿಯುತ್ತದೆ ಎಂದು ಸುಪ್ರೀಂ ಕೋರ್ಟು 2023ರಲ್ಲೇ ತೀರ್ಪು ಕೊಟ್ಟಿದೆ. ಕೊಳ್ಳುವವರಿಗೆ ಅಷ್ಟು ಧೈರ್ಯ. ಆದರೂ ಬ್ಯಾಂಕು ಕ್ರಮ ತಪ್ಪಿದೆ ಎಂದು ಸಾಲಗಾರರು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ನಿನ್ನ ಹಣ ಅಲ್ಲಿ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆಗೆ ನಾನಾಗಿದ್ದರೆ 6 ಲಕ್ಷ ಕಳೆಯುತ್ತಿದ್ದೆ. 64.3 ಆಯಿತು. ನಿನ್ನ ಅತ್ತೆಯವರ ಮನೆ ಅದೇ ರಸ್ತೆಯಲ್ಲಿದೆ, ಮಗುವನ್ನು ಅವರು ನೋಡಿಕೊಳ್ಳುತ್ತಾರೆ ಅಂದೆ. ಆ ಅನುಕೂಲ ನಿನಗೊಬ್ಬಳಿಗೇ ಸೇರಿದ್ದು, ಬೇರೆ ಯಾವ ಬಿಡ್‌ದಾರನಿಗೂ ಇಲ್ಲ; ಅದಕ್ಕೊಂದು ಲಕ್ಷ ಧಾರಾಳವಾಗಿ ಸೇರಿಸು. 58ರಿಂದ 25 ಸಾವಿರದ ಮೆಟ್ಟಿಲಿನಲ್ಲಿ ಹತ್ತಿದರೆ ಆ ಮೊತ್ತ ಮೀರದಂತೆ 65.25 ಲಕ್ಷ ನಿನ್ನ ಕೊನೆಯ ಮೆಟ್ಟಿಲು. ಬಹಳ ಜನ 65ರಂಥ ದುಂಡನೆಯ ಅಂಕಿಯಲ್ಲಿ ನಿಲ್ಲುತ್ತಾರೆ. ಅದರಾಚೆ ಒಂದು ಮೆಟ್ಟಿಲು ನಿನಗಿರಲಿ.

ಇಷ್ಟು ಕಡಿಮೆಯೇ ಅಂತ ನಿನಗನ್ನಿಸಬಹುದು. ಯಾಕೆ ಅನ್ನುವುದಕ್ಕೆ ಒಂದು ಹಳೆಯ ಕಥೆ ಕೇಳು. 1971ರಲ್ಲಿ ಅಮೆರಿಕದ ಅಟ್ಲಾಂಟಿಕ್ ರಿಚ್‌ಫೀಲ್ಡ್ ಎಂಬ ತೈಲ ಕಂಪನಿಯ ಮೂವರು ಎಂಜಿನಿಯರುಗಳು, ಕೇಪನ್, ಕ್ಲ್ಯಾಪ್ ಮತ್ತು ಕ್ಯಾಂಬೆಲ್, ಒಂದು ಲೇಖನ ಬರೆದರು. ಮೆಕ್ಸಿಕೊ ಕೊಲ್ಲಿಯ ಸಮುದ್ರದಡಿಯ ತೈಲಕ್ಕಾಗಿ ಹರಾಜಿನಲ್ಲಿ ಲೀಸು ಪಡೆದ ಕಂಪನಿಗಳಿಗೆ ನಿರೀಕ್ಷಿಸಿದ ಲಾಭ ಯಾಕೆ ಬರುತ್ತಿಲ್ಲ ಎಂಬುದು ಅವರ ಪ್ರಶ್ನೆ. ತಳದಲ್ಲಿ ಎಷ್ಟು ಎಣ್ಣೆ ಇದೆಯೆಂದು ಯಾರಿಗೂ ಖಚಿತವಿಲ್ಲ, ಒಬ್ಬೊಬ್ಬರದು ಒಂದೊಂದು ಅಂದಾಜು. ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವನು ಗೆಲ್ಲುತ್ತಾನೆ, ಅಂದರೆ ಬಹುತೇಕ ಅತಿಯಾಗಿ ಅಂದಾಜು ಮಾಡಿದವನೇ ಗೆಲ್ಲುತ್ತಾನೆ. ಗೆದ್ದವನ ಶಾಪ ಅಂತ ಇದಕ್ಕೆ ಹೆಸರು ಬಿತ್ತು. ನಾನು ಕಂಡ ಹರಾಜುಗಳಲ್ಲಿ ಇದಕ್ಕಿಂತ ನಿಜವಾದ ಮಾತು ಬೇರೆ ಇಲ್ಲ. ಬಿಡ್‌ದಾರರು ಹೆಚ್ಚಿದಷ್ಟೂ ಬೆಲೆ ಏರಿಸಬೇಕು ಅಂತ ಮನಸ್ಸು ಹೇಳುತ್ತದೆ. ಹತ್ತು ಜನರಿದ್ದರೆ ಅವರಲ್ಲೊಬ್ಬ ತಪ್ಪು ಲೆಕ್ಕ ಹಾಕಿರುವ ಸಾಧ್ಯತೆಯೂ ಹೆಚ್ಚು. ಆ ಒಬ್ಬಳು ನೀನಾಗದಿರಬೇಕಾದರೆ ಜನ ಹೆಚ್ಚಿದಾಗ ಇನ್ನಷ್ಟು ಬಿಗಿಯಾಗಿರಬೇಕು.

ಹಣದ ಗಡುವು ಗೊತ್ತಿಲ್ಲದೆ ಬಿಡ್ ಮಾಡುವಂತಿಲ್ಲ. 65.25ಕ್ಕೆ ನಿನಗೇ ಆಯಿತು ಅಂತಿಟ್ಟುಕೊ. ಕಾಲು ಭಾಗ, ಅಂದರೆ 16,31,250 ರೂಪಾಯಿಯನ್ನು ಅವತ್ತೇ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಕಟ್ಟಬೇಕು. ಇಎಂಡಿ ಅದರಲ್ಲೇ ಸೇರಿರುವುದರಿಂದ ಹೊಸದಾಗಿ ಬೇಕಾದದ್ದು 10,51,250. ಉಳಿದ 48,93,750 ಮಾರಾಟ ಖಾಯಂ ಆದ 15 ದಿನಗಳೊಳಗೆ. ಬರವಣಿಗೆಯಲ್ಲಿ ಒಪ್ಪಿಗೆಯಾದರೆ ಗಡುವು ವಿಸ್ತರಿಸಬಹುದು, ಆದರೂ ಮೂರು ತಿಂಗಳು ಮೀರುವಂತಿಲ್ಲ. ಬೆಲೆ 50 ಲಕ್ಷ ದಾಟಿದ್ದರಿಂದ ಶೇ. 1ರ ಟಿಡಿಎಸ್ ಹಿಡಿದು ಕಟ್ಟುವ ಹೊಣೆಯೂ ನಿನ್ನದೇ. ಗಡುವು ತಪ್ಪಿದರೆ ಕಟ್ಟಿದ ಕಾಲು ಭಾಗವೇ ಹೋಗುತ್ತದೆ. 2024ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಪ್ರಕರಣದಲ್ಲಿ ಮರುಹರಾಜಿನಲ್ಲಿ ಬ್ಯಾಂಕಿಗೆ ಮೊದಲಿಗಿಂತ ಹೆಚ್ಚಿನ ಬೆಲೆಯೇ ಬಂದಿತ್ತು. ಆದರೂ ಠೇವಣಿ ಪೂರ್ತಿ ಮುಟ್ಟುಗೋಲು ಹಾಕಿಕೊಂಡದ್ದು ಸರಿ ಎಂದೇ ತೀರ್ಪಾಯಿತು. ಗೃಹಸಾಲದ ಮಂಜೂರಾತಿ ಪತ್ರ ಕೈಯಲ್ಲಿಲ್ಲದೆ ಇಎಂಡಿ ಕಟ್ಟಲೇಬೇಡ ಪುಟ್ಟೀ. ಗೆದ್ದ ಮೇಲೆ ಸಾಲಕ್ಕೆ ಓಡಾಡಿದವರ ಸಂಕಟವನ್ನು ಹತ್ತಿರದಿಂದ ನೋಡಿದ್ದೇನೆ.

ಇನ್ನು ಹರಾಜಿನ ದಿನ. ಇ-ಬೇಯಂಥ ಕಡೆ ಸಮಯ ಮುಗಿದರೆ ಮುಗಿಯಿತು, ಅದಕ್ಕೇ ಜನ ಕೊನೆಯ ಸೆಕೆಂಡಿನವರೆಗೆ ಕಾದು ಬಿಡ್ ಹಾಕುತ್ತಾರೆ. ನಮ್ಮ ಬ್ಯಾಂಕುಗಳ ಹರಾಜಿನಲ್ಲಿ ಆ ಉಪಾಯ ನಡೆಯುವುದಿಲ್ಲ. ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಏರಿಸಿದರೆ ಗಡಿಯಾರ ಮತ್ತೆ ಐದು ನಿಮಿಷ ಮುಂದೆ ಹೋಗುವುದೇ ಸಾಮಾನ್ಯ ನಿಯಮ. ಆ ಐದು ನಿಮಿಷ ನಿನಗೆ ಯೋಚಿಸಲು ಸಿಕ್ಕಿದ ಸಮಯ, ಪೂರ್ತಿ ಬಳಸಿಕೋ. ಆರಂಭದಲ್ಲೇ ಒಂದು ಸವಾಲು ಹಾಕಿ ಲಾಗಿನ್ ಸರಿಯಿದೆಯೇ ನೋಡು, ಆಮೇಲೆ ಸುಮ್ಮನಿರು. ಯಾರೋ ಒಮ್ಮೆಗೇ ಎರಡು ಲಕ್ಷ ಜಿಗಿದು ಹೆದರಿಸಿದರೆ ಹೆದರಬೇಡ, ಕೆರಳಲೂ ಬೇಡ. ನಿನ್ನ ಮೆಟ್ಟಿಲು ದಾಟಿದರೆ ಲಾಗೌಟ್ ಮಾಡಿ ಎದ್ದುಬಿಡು. ಸೋತರೆ ಇಎಂಡಿ ವಾಪಸು ಬರುತ್ತದೆ. ಅವತ್ತು ನಿನ್ನ ಗಂಡ ಪಕ್ಕದಲ್ಲೇ ಇರಲಿ, ಅಂಕಿ ಬರೆದ ಚೀಟಿ ಅವನ ಕೈಯಲ್ಲಿರಲಿ.

ಯಾರೂ ಬಿಡ್ ಮಾಡದಿದ್ದರೆ ಬ್ಯಾಂಕು ಸಾಮಾನ್ಯವಾಗಿ ಮೀಸಲು ಬೆಲೆ ಇಳಿಸಿ ಮತ್ತೆ ಹರಾಜಿಗಿಡುತ್ತದೆ, ಎರಡನೇ ಸಲಕ್ಕೆ 15 ದಿನದ ನೋಟಿಸು ಸಾಕು. ಈ ಫ್ಲ್ಯಾಟಿಗೆ ಕಾಯುವುದು ಬೇಡವೆಂದೇ ನನ್ನ ಅಭಿಪ್ರಾಯ. 58 ನಿನ್ನ ಮಿತಿಗಿಂತ ಸಾಕಷ್ಟು ಕೆಳಗಿದೆ.

ಕೊನೆಯದಾಗಿ ಒಂದು. ಹರಾಜಿನ ಹಿಂದಿನ ದಿನ ಯಾರಾದರೂ ಫೋನು ಮಾಡಿ, "ನೀವು ಸುಮ್ಮನಿರಿ ಮೇಡಂ, ನಿಮಗಿಷ್ಟು ಕೊಡ್ತೀವಿ" ಅನ್ನಬಹುದು. ಒಪ್ಪಬೇಡ. ಬ್ಯಾಂಕಿನ ಬಾಕಿ, ಖರ್ಚು ತೀರಿ ಉಳಿದ ಹಣ ಸಾಲಗಾರರ ಕುಟುಂಬಕ್ಕೆ ಸೇರಬೇಕು ಅಂತ ಸರ್ಫೇಸಿ ಕಾಯ್ದೆಯೇ ಹೇಳುತ್ತದೆ. ಒಳ ಒಪ್ಪಂದದಿಂದ ಬೆಲೆ ಬಿದ್ದರೆ ಆ ಮನೆಯವರ ಪಾಲಿನ ಹಣವೇ ಹೋಗುವುದು. ಅವರ ಬಾಗಿಲಲ್ಲಿ ನೋಟಿಸು ಹಿಡಿದು ನಿಂತವನು ನಾನು, ಆ ಮುಖಗಳನ್ನು ಮರೆತಿಲ್ಲ. ನೀನು ನ್ಯಾಯವಾದ ಬೆಲೆಗೆ ಕೊಂಡರೆ ಅವರಿಗೂ ಒಂದಿಷ್ಟು ಉಳಿದೀತು.

ಋಣಭಾರ ಪತ್ರ (ಇಸಿ), ಖಾತಾ, ಬಾಕಿ ಪತ್ರಗಳು ಬಂದ ಕೂಡಲೇ ಸ್ಕ್ಯಾನ್ ಮಾಡಿ ಕಳಿಸು. ಇಎಂಡಿ ಕಟ್ಟುವ ಕೊನೆಯ ದಿನಕ್ಕಿಂತ ಒಂದು ವಾರ ಮುಂಚೆಯೇ ಕಳಿಸಿದರೆ ನನ್ನ ಹಳೆಯ ವಕೀಲ ಮಿತ್ರರಿಗೂ ತೋರಿಸುತ್ತೇನೆ. ನಿನ್ನ ದೊಡ್ಡಮ್ಮ ಮಗುವಿನ ಕೆಮ್ಮು ಹೇಗಿದೆ ಅಂತ ಕೇಳುತ್ತಿದ್ದಾಳೆ, ಅದನ್ನೂ ಬರೆ.

ಇಂತಿ,
ನಿನ್ನ ದೊಡ್ಡಪ್ಪ