ಪ್ರಶ್ನೋತ್ತರ: ರೋಮನ್ನರ ಆಳ್ವಿಕೆಯಲ್ಲಿ ಈಜಿಪ್ಟ್

ಪ್ರಶ್ನೆ: ಕ್ಲಿಯೋಪಾತ್ರಳ ನಂತರ ಈಜಿಪ್ಟ್ ರೋಮನ್ನರ ಪಾಲಾಯಿತಷ್ಟೆ. ಸಮುದ್ರದಾಚೆಯ ಆ ನಾಡನ್ನು ಅವರು ಹೇಗೆ ಆಳಿದರು?
(ಇತಿಹಾಸ ಶಿಕ್ಷಕಿ, ಧಾರವಾಡ)

ಉತ್ತರ: ಕ್ರಿ.ಪೂ. 30ರಲ್ಲಿ ಗೆದ್ದ ಈಜಿಪ್ಟನ್ನು ಅಗಸ್ಟಸ್ ತನ್ನ ಮುಷ್ಟಿಯಲ್ಲೇ ಇಟ್ಟುಕೊಂಡ. ಬೇರೆ ದೊಡ್ಡ ಪ್ರಾಂತ್ಯಗಳನ್ನು ಸೆನೆಟರುಗಳು ಆಳುತ್ತಿದ್ದರು. ಈಜಿಪ್ಟಿಗೆ ಮಾತ್ರ ಸಾಮ್ರಾಟನ ಅಪ್ಪಣೆಯಿಲ್ಲದೆ ಸೆನೆಟರು ಕಾಲಿಡುವಂತೆಯೇ ಇರಲಿಲ್ಲ. ಮುಖ್ಯ ಕಾರಣ ಗೋಧಿ. ರೋಮ್ ನಗರಕ್ಕೆ ವರ್ಷದಲ್ಲಿ 4 ತಿಂಗಳ ಅನ್ನ ಇಲ್ಲಿಂದಲೇ ಹೋಗುತ್ತಿತ್ತೆಂದು ಮೊದಲ ಶತಮಾನದ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಲೆಕ್ಸಾಂಡ್ರಿಯದ ಬಂದರು ಯಾರ ಕೈಲಿದೆಯೋ ಅವನ ಕೈಲಿ ರೋಮಿನ ಹೊಟ್ಟೆ. ಆದ್ದರಿಂದ ಸೆನೆಟರಿಗಿಂತ ಒಂದು ಮೆಟ್ಟಿಲು ಕೆಳಗಿನ ಶ್ರೀಮಂತ ವರ್ಗದವನನ್ನು ‘ಪ್ರಿಫೆಕ್ಟ್’ ಎಂದು ನೇಮಿಸುತ್ತಿದ್ದರು. ಮೊದಲ ಪ್ರಿಫೆಕ್ಟ್ ಕಾರ್ನೇಲಿಯಸ್ ಗ್ಯಾಲಸ್ ತನ್ನ ಪರಾಕ್ರಮವನ್ನು ಮೂರು ಭಾಷೆಗಳಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ. ಸಾಮ್ರಾಟನ ಅವಕೃಪೆಗೆ ಗುರಿಯಾಗಿ ಕೊನೆಗೆ ಆತ್ಮಹತ್ಯೆ ಮಾಡಿಕೊಂಡ.

ಪ್ರಿಫೆಕ್ಟನ ಕೆಳಗೆ ದೈನಂದಿನ ಆಡಳಿತ ಹೆಚ್ಚಾಗಿ ಸ್ಥಳೀಯರದೇ. ‘ನೋಮ್’ ಎಂಬ ಪ್ರತಿ ಜಿಲ್ಲೆಗೂ ಒಬ್ಬ ‘ಸ್ಟ್ರಾಟೆಗೋಸ್’ ಇದ್ದ. ಕಚೇರಿಯ ಬರವಣಿಗೆಯೆಲ್ಲ ಗ್ರೀಕಿನಲ್ಲಿ. ಲ್ಯಾಟಿನ್ ಸೈನ್ಯಕ್ಕೆ ಮತ್ತು ಅತಿ ಮೇಲಿನವರಿಗೆ.

ಪ್ರಶ್ನೆ: ಹಳ್ಳಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು ಯಾರು?
(ನಿವೃತ್ತ ಗ್ರಾಮಲೆಕ್ಕಿಗರು, ಶಿರಸಿ)

ಉತ್ತರ: ನಮ್ಮ ಶಾನುಭೋಗರಂತೆ ಅಲ್ಲೂ ಒಬ್ಬ ಊರ ಬರಹಗಾರನಿದ್ದ. ಕ್ರಿ.ಶ. 184ರ ಸುಮಾರಿಗೆ ಫಯೂಮ್ ಪ್ರದೇಶದಲ್ಲಿ ಈ ಹುದ್ದೆಯಲ್ಲಿದ್ದ ಪೆಟೌಸ್ ಎಂಬವನ ಕಡತವೇ ನಮಗೆ ಸಿಕ್ಕಿದೆ. ಸ್ವಾರಸ್ಯವೆಂದರೆ, ಈ ಬರಹಗಾರನಿಗೆ ಬರೆಯಲು ಬರುತ್ತಿರಲಿಲ್ಲ! ‘ಊರ ಬರಹಗಾರ ಪೆಟೌಸ್, ಸಲ್ಲಿಸಿದ್ದೇನೆ’ ಎಂಬರ್ಥದ ರುಜುವನ್ನು ಅವನು ಸಾಲಾಗಿ ತಿದ್ದಿದ ಒಂದು ಹಾಳೆ ಉಳಿದಿದೆ. ಕೆಲವು ಸಾಲು ಸರಿಯಾಗಿವೆ. ನಡುವೆ ಕೊನೆಯ ಪದದ ಮೊದಲ ಅಕ್ಷರ ಬಿಟ್ಟುಹೋಗಿದೆ, ಮುಂದಿನ ಸಾಲುಗಳಲ್ಲೂ ಅದೇ ತಪ್ಪು. ತಾನು ಬರೆದದ್ದನ್ನು ಓದಲಾರದೆ, ಮೇಲಿನ ಸಾಲನ್ನು ನೋಡಿ ನಕಲು ಮಾಡುತ್ತಿದ್ದ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇಂಥದೇ ಇನ್ನೊಬ್ಬನ ಮೇಲೆ ನಿರಕ್ಷರಿಯೆಂಬ ದೂರು ಬಂದಾಗ ಪೆಟೌಸ್ ಅವನ ಪರ ವಹಿಸಿದ್ದ: ಅವನು ರುಜು ಹಾಕುತ್ತಾನಲ್ಲ, ಇನ್ನೇನು ಬೇಕು?

ಪ್ರಶ್ನೆ: ತೆರಿಗೆ ಹೊರೆ ಎಷ್ಟಿತ್ತು? ಜನ ದಂಗೆ ಏಳಲಿಲ್ಲವೇ?
(ಬಿ.ಎ. ವಿದ್ಯಾರ್ಥಿ, ಮೈಸೂರು)

ಉತ್ತರ: ದಂಗೆಗಳೂ ಆದವು. ಆದರೆ ರೈತನ ಕೈಲಿದ್ದ ಅಸ್ತ್ರ ಊರು ಬಿಡುವುದು. 14 ವರ್ಷಕ್ಕೊಮ್ಮೆ ಮನೆಮನೆಯ ಜನಗಣತಿ. 14 ವರ್ಷ ತುಂಬಿದ ಗಂಡಸರು ಅರವತ್ತು ದಾಟುವವರೆಗೆ ತಲೆಗಂದಾಯ ಕಟ್ಟಬೇಕು. ಫಯೂಮಿನ ಹಳ್ಳಿಗನಿಗೆ ವರ್ಷಕ್ಕೆ 40 ದ್ರಾಕ್ಮ, ಜಿಲ್ಲಾಕೇಂದ್ರದ ಸವಲತ್ತಿನ ವರ್ಗಕ್ಕೆ 20, ರೋಮನ್ ಪೌರರಿಗೂ ಅಲೆಕ್ಸಾಂಡ್ರಿಯದ ಪೌರರಿಗೂ ಏನೂ ಇಲ್ಲ. ಜಮೀನಿನ ಕಂದಾಯ ಬೇರೆ, ಅದು ಧಾನ್ಯದ ರೂಪದಲ್ಲಿ. ಬಾಕಿ ಏರಿದಾಗ ಜನ ರಾತ್ರೋರಾತ್ರಿ ಪರಾರಿಯಾಗುತ್ತಿದ್ದರು. ಓಡಿಹೋದವನ ಹೆಂಡತಿ ಮಕ್ಕಳನ್ನು, ನೆಂಟರನ್ನು ವಸೂಲಿಗಾರ ಹಿಂಸಿಸಿದ್ದನ್ನು ಅಲೆಕ್ಸಾಂಡ್ರಿಯದ ತತ್ತ್ವಜ್ಞಾನಿ ಫೈಲೊ ದಾಖಲಿಸಿದ್ದಾನೆ. ಕ್ರಿ.ಶ. 104ರಲ್ಲಿ ಪ್ರಿಫೆಕ್ಟ್ ವಿಬಿಯಸ್ ಮ್ಯಾಕ್ಸಿಮಸ್, ಗಣತಿಗಾಗಿ ಎಲ್ಲರೂ ಸ್ವಂತ ಊರಿಗೆ ಮರಳಬೇಕೆಂದು ಆಜ್ಞೆ ಹೊರಡಿಸಿದ. ದೇವರಲ್ಲಿ ಪ್ರಸಾದ ಕೇಳುವಾಗ ಜನ ಇಡುತ್ತಿದ್ದ ಪ್ರಶ್ನೆಗಳ ಒಂದು ಪಟ್ಟಿ ಸಿಕ್ಕಿದೆ. ನನ್ನ ಆಸ್ತಿ ಹರಾಜಾಗುತ್ತದೆಯೇ, ನಾನು ಓಡಿಹೋಗುವೆನೇ ಎಂಬವೂ ಅದರಲ್ಲಿವೆ.

ಪ್ರಶ್ನೆ: ಅನ್ಯಾಯವಾದರೆ ಬಡವರು ಯಾರ ಬಳಿ ಹೋಗಬೇಕಿತ್ತು?
(ವಕೀಲರು, ಕಲಬುರಗಿ)

ಉತ್ತರ: ಅರ್ಜಿ ಯಾರು ಬೇಕಾದರೂ ಕೊಡಬಹುದಿತ್ತು. ಪ್ರಿಫೆಕ್ಟ್ ಆಗಾಗ ಪ್ರವಾಸ ಹೊರಟು ಅಹವಾಲು ಕೇಳುತ್ತಿದ್ದ. 3ನೇ ಶತಮಾನದ ಆರಂಭದಲ್ಲಿ ಸುಬಾಟಿಯಾನಸ್ ಅಕ್ವಿಲ ಎಂಬ ಪ್ರಿಫೆಕ್ಟನ ಇಂಥ ಒಂದು ಮೊಕ್ಕಾಮಿನಲ್ಲಿ ಮೂರು ದಿನ ತುಂಬುವುದರೊಳಗೆ 1,804 ಅರ್ಜಿಗಳು ಬಂದವು. ಅಷ್ಟು ಜನ ಸಾಲುಗಟ್ಟಿದ್ದರೆಂದರೆ, ಆಳುವವರಿಂದ ಏನೋ ಸಿಗಬಹುದೆಂಬ ಆಸೆಯಂತೂ ಇತ್ತು. ಆದರೆ ಹೆಚ್ಚಿನ ಅರ್ಜಿಗಳು ತಿರುಗಿ ಜಿಲ್ಲೆಯ ಅಧಿಕಾರಿಯ ಮೇಜಿಗೇ ಹೋಗುತ್ತಿದ್ದವು. ದೂರು ಅವನ ಕೈಕೆಳಗಿನವರ ಮೇಲೆಯೇ ಇದ್ದರೆ ಫಲಿತಾಂಶ ನೀವೇ ಊಹಿಸಿ.

ಪ್ರಶ್ನೆ: ಮನೆಮಂದಿಯ ಬದುಕಿನ ಬಗ್ಗೆ ಏನಾದರೂ ತಿಳಿಯುತ್ತದೆಯೇ?
(ಗೃಹಿಣಿ, ಉಡುಪಿ)

ಉತ್ತರ: ಬೇಕಾದಷ್ಟು. ಮರುಭೂಮಿಯ ಒಣ ಮರಳು ಖಾಸಗಿ ಕಾಗದಗಳನ್ನೂ ಕಾಪಾಡಿದೆ. 2ನೇ ಶತಮಾನದಲ್ಲಿ ನೌಕಾಪಡೆ ಸೇರಿದ ಅಪಿಯಾನ್ ಎಂಬ ಹುಡುಗ ಇಟಲಿಯಿಂದ ಅಪ್ಪನಿಗೆ ಬರೆಯುತ್ತಾನೆ: ಸಮುದ್ರದಲ್ಲಿ ಅಪಾಯಕ್ಕೆ ಸಿಕ್ಕಿದ್ದೆ, ಸೆರಾಪಿಸ್ ದೇವರು ಕಾಪಾಡಿದ, ದಾರಿಖರ್ಚಿಗೆ 3 ಚಿನ್ನದ ನಾಣ್ಯ ಬಂತು, ನನ್ನ ಚಿತ್ರ ಕಳಿಸಿದ್ದೇನೆ, ಈಗ ನನ್ನ ಹೆಸರು ಆಂಟೋನಿಯಸ್ ಮ್ಯಾಕ್ಸಿಮಸ್. ಕ್ರಿ.ಪೂ. 1ರ ಇನ್ನೊಂದು ಕಾಗದ ಎದೆ ನಡುಗಿಸುತ್ತದೆ. ದುಡಿಯಲು ಅಲೆಕ್ಸಾಂಡ್ರಿಯಕ್ಕೆ ಹೋದ ಹಿಲಾರಿಯಾನ್ ಗರ್ಭಿಣಿ ಹೆಂಡತಿಗೆ ಪ್ರೀತಿಯಿಂದಲೇ ಬರೆದು, ಗಂಡಾದರೆ ಉಳಿಸಿಕೋ, ಹೆಣ್ಣಾದರೆ ಬಿಸಾಡು ಎನ್ನುತ್ತಾನೆ.

ಪ್ರಶ್ನೆ: ಈಜಿಪ್ಟಿನ ಪಪೈರಸ್ಸಿನಲ್ಲಿ ಕನ್ನಡ ಇದೆಯಂತೆ, ನಿಜವೇ?
(ಓದುಗರು, ಬೆಂಗಳೂರು)

ಉತ್ತರ: ಆಕ್ಸಿರಿಂಕಸ್ ಎಂಬ ಊರಿನ ತಿಪ್ಪೆಯಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದು 1903ರಲ್ಲಿ ಅಚ್ಚಾಯಿತು. ಭಾರತದ ಕರಾವಳಿಯಲ್ಲಿ ಸೆರೆಯಾದ ಖಾರಿಟಿಯಾನ್ ಎಂಬ ಗ್ರೀಕ್ ಹೆಣ್ಣನ್ನು, ಅಲ್ಲಿನ ರಾಜನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆ. ಅದರಲ್ಲಿ ‘ಭಾರತೀಯರು’ ಆಡುವ ಮಾತುಗಳು ಕನ್ನಡವೆಂದು ವಿದ್ವಾಂಸ ಹುಲ್ಟ್ಸ್ ವಾದಿಸಿದರು, ಆರ್. ಶಾಮಶಾಸ್ತ್ರಿಗಳು ಬೆಂಬಲಿಸಿದರು, ಎಲ್.ಡಿ. ಬಾರ್ನೆಟ್ ಒಪ್ಪಲಿಲ್ಲ. ತುಳು ಎಂದವರೂ ಇದ್ದಾರೆ. ನಗಿಸಲೆಂದು ಪೋಣಿಸಿದ ಅರ್ಥವಿಲ್ಲದ ಸದ್ದುಗಳೂ ಆಗಿರಬಹುದು. ನೈಲ್ ತೀರದ ಪ್ರೇಕ್ಷಕರಿಗೆ ಭಾರತದ ಕರಾವಳಿ ಪರಿಚಿತ ಹೆಸರಾಗಿತ್ತು ಎಂಬಷ್ಟು ಖಚಿತ. ಉಳಿದದ್ದು ಇನ್ನೂ ವಾದದಲ್ಲಿದೆ. ಅದನ್ನು ಕನ್ನಡದ ಅತಿ ಹಳೆಯ ದಾಖಲೆಯೆಂದು ಭಾಷಣಗಳಲ್ಲಿ ಸಾರುವುದನ್ನು ದಯವಿಟ್ಟು ನಿಲ್ಲಿಸೋಣ.