ನೀರು ಹೋಗುವ ದಾರಿಯನ್ನೂ ವಿಚಾರಿಸಿ

ಬೆಂಗಳೂರಿನಲ್ಲಿ ಮನೆ ಕೊಳ್ಳಲು ಹೊರಟವರೆಲ್ಲ ‘ಕಾವೇರಿ ನೀರು ಬರುತ್ತಾ?’ ಎಂದು ಮೊದಲು ಕೇಳುತ್ತೀರಿ. ಕೇಳಬೇಕಾದ್ದೇ. ಆದರೆ ಮಕ್ಕಳೇ, ‘ಬಳಸಿದ ನೀರು ಎಲ್ಲಿಗೆ ಹೋಗುತ್ತೆ?’ ಎಂದೂ ಕೇಳಿ. ಊರಿನ ಆಯುಷ್ಯ ನಿಂತಿರುವುದು ಅದರ ಮೇಲೆ.

1898ರಲ್ಲಿ ಪ್ಲೇಗ್ ಬಡಿದಾಗ ಈ ಊರಿಗೆ ಅದು ಅರ್ಥವಾಗಿತ್ತು. ಇಕ್ಕಟ್ಟಿನ ಪೇಟೆ ಬಿಟ್ಟು ಜನ ಓಡಿದರು. ಆಮೇಲೆ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಗಲವಾದ ರಸ್ತೆ ಬಂತು, ಮನೆಗಳ ಹಿಂದೆ ಹೊಲಸು ಸಾಗಿಸಲು ಕನ್ಸರ್ವೆನ್ಸಿ ಓಣಿ ಬಂತು.

ಈಗಿನ ಲೆಕ್ಕ ದೊಡ್ಡದು. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲೆತ್ತಿ ತಂದ ಕಾವೇರಿ ನೀರಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಕೊಳಚೆಯಾಗಿ ಹೊರಬೀಳುತ್ತದೆ. ಊರು ದಿಬ್ಬದ ಮೇಲಿರುವುದರಿಂದ ಅದು ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳ ಕಡೆಗೆ ಇಳಿಯುತ್ತದೆ. ಶುದ್ಧವಾಗದೆ ಇಳಿದದ್ದಕ್ಕೆ ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದಿತು, ಬೆಂಕಿಯೂ ಹತ್ತಿತು. ಶುದ್ಧಮಾಡಿದ ನೀರೋ, 2018ರಿಂದ ಕೋಲಾರದ ಕೆರೆಗಳನ್ನು ತುಂಬಿಸುತ್ತಿದೆ.

ನಿಮ್ಮ ಪಾಲಿನ ಕೆಲಸ ಹೇಳುತ್ತೇನೆ. ತಾರಸಿಯ ಮಳೆನೀರನ್ನು ಒಳಚರಂಡಿಯ (ಯುಜಿಡಿ) ಛೇಂಬರಿಗೆ ಬಿಡಬೇಡಿ. ಆ ಕೊಳವೆ ಇರುವುದು ಮನೆಯ ಕೊಳಚೆಗೆ. ಮಳೆಯೂ ಅದರಲ್ಲೇ ನುಗ್ಗಿದರೆ ಮ್ಯಾನ್‌ಹೋಲ್ ಉಕ್ಕುತ್ತದೆ, ತಗ್ಗಿನ ಮನೆಯವರ ಬಚ್ಚಲಿನಿಂದ ಹೊಲಸು ಮೇಲೆ ಬರುತ್ತದೆ. ಮಳೆನೀರನ್ನು ತೊಟ್ಟಿಯಲ್ಲಿ ಹಿಡಿಯಿರಿ, ಇಲ್ಲವೇ ಇಂಗಿಸಿ. ಕರಿದ ಎಣ್ಣೆ ಸಿಂಕಿಗೆ ಬೇಡ. ಪ್ಯಾಡು, ಡೈಪರು ಕಮೋಡಿಗೆ ಬೇಡ.

ಅಪಾರ್ಟ್‌ಮೆಂಟಿನಲ್ಲಿದ್ದರೆ ಸಂಘದ ಸಭೆಗೆ ಹೋಗಿ. ಕರೆಂಟ್ ಬಿಲ್ ಉಳಿಸಲು ಕೊಳಚೆ ಶುದ್ಧಮಾಡುವ ಎಸ್‌ಟಿಪಿ ನಿಲ್ಲಿಸೋಣ ಎಂದು ಯಾರಾದರೂ ಅಂದರೆ ಎದ್ದು ನಿಂತು ಬೇಡ ಅನ್ನಿ. ನಿಲ್ಲಿಸಿದ ದಿನದಿಂದ ನಿಮ್ಮ ಹೊಲಸು ಯಾವುದೋ ರಾಜಕಾಲುವೆ ಸೇರುತ್ತದೆ.

ಕೊನೆಯದು, ಎಲ್ಲಕ್ಕಿಂತ ದೊಡ್ಡದು. ಕೊಳವೆ ಕಟ್ಟಿಕೊಂಡಾಗ ಅಗ್ಗಕ್ಕೆ ಸಿಕ್ಕನೆಂದು ಯಾರನ್ನೂ ಕೊಳಚೆ ಗುಂಡಿಗೆ ಇಳಿಸಬೇಡಿ. ಒಳಗಿನ ವಿಷಗಾಳಿಗೆ ಉಸಿರು ನಿಲ್ಲಲು ಕ್ಷಣ ಸಾಕು. ರಕ್ಷಣೆಯಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ಕೊಳವೆ ಬಿಡಿಸುವ ಜೆಟ್ಟಿಂಗ್ ಯಂತ್ರ ಕೇಳಿ, ಬರುವತನಕ ಕಾಯಿರಿ. ಇನ್ನೊಬ್ಬರ ಜೀವ ಒತ್ತೆಯಿಟ್ಟು ಮನೆ ಚೊಕ್ಕಟ ಮಾಡಿಕೊಳ್ಳುವ ಊರು ಎಷ್ಟು ಎತ್ತರಕ್ಕೆ ಬೆಳೆದರೂ ಊರಲ್ಲ.