ಬಳೆ ಡಬ್ಬಿಯಲ್ಲಿಟ್ಟು ಲೇತಿಗೆ ಬಾ

ಪ್ರೀತಿಯ ಮಗೂ,

ಐಟಿಐ ಅರ್ಜಿಯಲ್ಲಿ ಹೊಲಿಗೆಯನ್ನೇ ಮೊದಲು ಬರೆ ಅಂತ ಮನೆಯಲ್ಲಿ ಒತ್ತಾಯವಂತೆ. ಹೊಲಿಗೆಯನ್ನು ಹಗುರ ಮಾಡುವವಳು ನಾನಲ್ಲ. ನಿನ್ನ ಅಜ್ಜಿ ನಮ್ಮನ್ನು ಸಾಕಿದ್ದೇ ಆ ಮಿಷನ್ ತುಳಿದು. ಆದರೆ ನಿನ್ನ ಮನಸ್ಸಿರುವುದು ಲೇತ್ ನಡೆಸುವ ಟರ್ನರ್ ಟ್ರೇಡಿನ ಮೇಲೆ.

‘ಹೆಣ್ಣುಮಕ್ಕಳ ಬೆರಳು ನಾಜೂಕು’ ಎಂಬ ಹೊಗಳಿಕೆಗೆ ಬೀಗಬೇಡ. ಬೆಂಗಳೂರಿನ ಎಚ್‌ಎಂಟಿಯಲ್ಲಿ ಗಡಿಯಾರ ಜೋಡಿಸುವ ಮೇಜುಗಳ ಮುಂದೆ ಹೆಂಗಸರು ಸಾಲಾಗಿ ಕೂರುತ್ತಿದ್ದರು. ಚಿಮಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗ್ ಹಿಡಿದ ಕೈಗೆ ಲೇತ್ ಮಾತ್ರ ಒರಟಾಯಿತೇ? ಮೈಕ್ರೋಮೀಟರಿನ ಒಂದು ಗೆರೆ ಎಂದರೆ 0.01 ಮಿಲಿಮೀಟರ್. ಕೆಲವು ಕೆಲಸಗಳಲ್ಲಿ ಎರಡು ಗೆರೆ ಹೆಚ್ಚು ಕೊರೆದರೂ ಜಾಬ್ ಗುಜರಿಗೆ. ಭಾರ ಎತ್ತುವುದಕ್ಕೆ ಹಾಯಿಸ್ಟ್ ಇದೆ, ತೋಳಲ್ಲ.

ಓಡುತ್ತಿರುವ ಚಾಲಕ ಯಂತ್ರಕ್ಕೆ ಹೆಂಗಸಾಗಲಿ ಎಳೆಯರಾಗಲಿ ಎಣ್ಣೆ ಬಿಡಕೂಡದು ಎಂದು 1948ರ ಕಾರ್ಖಾನೆ ಕಾಯ್ದೆ ಬರೆದಿತ್ತು. ಎಷ್ಟು ವಯಸ್ಸಾದರೂ ಆ ಕಾಯ್ದೆಯ ಕಣ್ಣಿಗೆ ನಾವು ಹೆಂಗಸರು ಎಳೆಯರ ಸಾಲಿನವರೇ!

ನಾನು ಅಪ್ರೆಂಟಿಸ್ ಆಗಿ ಸೇರಿದ ದಿನ ಬಳೆ, ಉಂಗುರ ತೆಗೆಸಿದರು. ಅದು ಸರಿಯೇ, ತಿರುಗುವ ಚಕ್ ಸಡಿಲ ತೋಳನ್ನೂ ಬಿಡದು, ಕೈಗವಸನ್ನೂ ಬಿಡದು. ಬಳೆಗಳನ್ನು ಊಟದ ಡಬ್ಬಿಯಲ್ಲಿಟ್ಟವಳು ಸಂಜೆ ಹಾಕಿಕೊಳ್ಳಲು ಮರೆತೆ. ಬರಿಗೈ ಕಂಡು ಅಮ್ಮ ಅತ್ತೇಬಿಟ್ಟಳು. ನನ್ನನ್ನು ಅಳಿಸಿದ್ದು ಬೇರೆ. ಆ ಶೆಡ್ಡಿನಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ, ಆಫೀಸಿನ ತನಕ ನಡೆಯಬೇಕು. ನಡೆಯುವ ಮುಜುಗರಕ್ಕೆ ನೀರು ಕುಡಿಯುವುದನ್ನೇ ಬಿಟ್ಟೆ, ಮೂತ್ರದ ಸೋಂಕು ಹಿಡಿಯಿತು. ಶೌಚಾಲಯ ಇದೆಯೇ ಎಂದು ನೀನು ಸೇರುವ ಮೊದಲೇ ಕೇಳು. ನಾಚಿಕೆ ಕಾರ್ಖಾನೆಯವರದು, ನಿನ್ನದಲ್ಲ.

ಇನ್ನೊಂದು. ನಾಳೆ ಅಪ್ರೆಂಟಿಸ್ ಆಗಿ ಸೇರಿದರೂ 1961ರ ಅಪ್ರೆಂಟಿಸ್ ಕಾಯ್ದೆಯ ಲೆಕ್ಕದಲ್ಲಿ ನೀನು ಕಲಿಯುವವಳು, ಕಾರ್ಮಿಕಳಲ್ಲ. ಕರಾರಿನಲ್ಲಿ ಬರೆದಿಲ್ಲದಿದ್ದರೆ, ಕಲಿತ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಮಾಲೀಕರಿಗಿಲ್ಲ. ಆದ್ದರಿಂದ ಕರಾರು ನೋಂದಣಿ ಆಗಿದೆಯೇ ನೋಡು, ಕೊನೆಯ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಕೈಗೆ ಪಡೆ. ‘ಪಾಪ ಹುಡುಗಿ’ ಎಂದು ಸ್ಟೋರಿನಲ್ಲಿ ಲೆಕ್ಕ ಬರೆಯಲು ಕೂರಿಸುತ್ತಾರೆ. ಫ್ಯಾನ್ ಇರುತ್ತದೆ, ಕುರ್ಚಿ ಇರುತ್ತದೆ, ವರ್ಷ ಕಳೆದರೂ ಕೈಗೆ ವಿದ್ಯೆ ಹತ್ತಿರುವುದಿಲ್ಲ. ಒಪ್ಪಬೇಡ. ಟೂಲ್ ಮಸೆಯುವುದನ್ನು ಕಲಿಸಿ ಅಂತ ಬೆನ್ನು ಹತ್ತು. ಹಳಬರು ಎಲ್ಲಕ್ಕಿಂತ ಕೊನೆಗೆ ಬಿಟ್ಟುಕೊಡುವ ವಿದ್ಯೆ ಅದು. ನನಗೆ ಕಲಿಸಲು ನಮ್ಮ ಮೇಸ್ತ್ರಿ ಏಳು ತಿಂಗಳು ಸತಾಯಿಸಿದರು.

ನನ್ನ ವರ್ನಿಯರನ್ನು ಎಣ್ಣೆ ಹಚ್ಚಿ ಒರೆಸಿಟ್ಟಿದ್ದೇನೆ. ಅರ್ಜಿ ಹಾಕಿದ ಮೇಲೆ ಬಂದು ತಗೊಂಡು ಹೋಗು.

ನಿನ್ನ ದೊಡ್ಡಮ್ಮ